ಆಲೂ ಮೀಮಾಂಸೆ

ಅನ್ನದ ಮಹಿಮೆಯನ್ನು ಕುರಿತು ನಮ್ಮ ಪೂರ್ವಾಚಾರ್ಯರು ಬರೆದದ್ದಕ್ಕೆ ಲೆಕ್ಕವಿಲ್ಲ. ಪಲ್ಯದ ವಿಷಯದಲ್ಲಿ ಮಾತ್ರ ಅವರದು ದಿವ್ಯ ಮೌನ. ಆ ಕೊರತೆ ನೀಗಿಸಲು ಈ ಗ್ರಂಥ ಹೊರಟಿದೆ. ನಮ್ಮ ಪ್ರತಿಜ್ಞೆ ಇಷ್ಟೇ: ಜಗತ್ತಿನ ಹಸಿವಿನ ವಿಚಾರದಲ್ಲಿ ಆಲೂಗಡ್ಡೆಯದು ಎಂದೂ ತಪ್ಪಿಲ್ಲ, ತಪ್ಪೆಲ್ಲ ಅದನ್ನು ಬೆಳೆದ, ಬಹಿಷ್ಕರಿಸಿದ, ಎಣ್ಣೆಗೆ ಬಿಟ್ಟ ಮನುಷ್ಯನದು.

ಪ್ರಮಾಣಗಳು ಮೂರು. ಮೊದಲನೆಯದು ಪ್ರತ್ಯಕ್ಷ, ಅಂದರೆ ಮಸಾಲೆ ದೋಸೆಯನ್ನು ಬಿಡಿಸಿ ನೋಡುವುದು. ಆಲೂಗಡ್ಡೆ ತುಟ್ಟಿಯಾದ ವಾರ ಪಲ್ಯದಲ್ಲಿ ಈರುಳ್ಳಿ ಹೆಚ್ಚುತ್ತದೆ. ಈರುಳ್ಳಿಯೂ ತುಟ್ಟಿಯಾದ ವಾರ ದೋಸೆಯೊಳಗೆ ಅರಿಶಿನದ ಕಲೆಯಷ್ಟೇ ಉಳಿಯುತ್ತದೆ. ಹಣದುಬ್ಬರ ಅಳೆಯಲು ಇದಕ್ಕಿಂತ ನಿಖರವಾದ ಉಪಕರಣ ಅರ್ಥಶಾಸ್ತ್ರಜ್ಞರ ಬಳಿ ಇಲ್ಲ. ಎರಡನೆಯದು ಅನುಮಾನ: ಬೀದಿಯ ತುದಿಯಿಂದ ಬೋಂಡದ ವಾಸನೆ ಬಂದರೆ, ಕಿಟಕಿ ತೆರೆಯದೆಯೇ ಮೋಡ ಕವಿದಿದೆಯೆಂದು ತಿಳಿಯುವುದು. ಮೂರನೆಯದು ಆಪ್ತವಾಕ್ಯ, ಅಂದರೆ ವಿಶ್ವಸಂಸ್ಥೆ ಹೇಳಿದ್ದು. ಅದು 2008ನ್ನು ಅಂತರರಾಷ್ಟ್ರೀಯ ಆಲೂಗಡ್ಡೆ ವರ್ಷವೆಂದು ಸಾರಿತು. ವರ್ಷವಿಡೀ ಹೊಗಳಿದ್ದು ಸಾಲದೆಂದು 2024ರಿಂದ ಪ್ರತಿ ಮೇ 30ನ್ನು ಆಲೂಗಡ್ಡೆ ದಿನವಾಗಿ ಆಚರಿಸುತ್ತಿದೆ. ಬದನೆಕಾಯಿ ಇನ್ನೂ ಸರದಿಯಲ್ಲಿದೆ.

ಇನ್ನು ಪೂರ್ವಪಕ್ಷ. ಇದನ್ನು ಮಂಡಿಸಿದವರು ನಮ್ಮ ಪಕ್ಕದ ಮನೆಯ ರಾಯರು. "ಅಲ್ಲ ಸ್ವಾಮಿ, ಅದು ವಾಯು. ತಿಂದರೆ ಮೈ ಬರುತ್ತೆ, ಶುಗರ್ ಏರುತ್ತೆ. ಇದನ್ನು ಪೌಷ್ಟಿಕ ಅಂತ ಹೇಗೆ ಹೇಳ್ತೀರಿ?" ಎಂದರು. ಹೇಳುವಾಗ ಅವರ ಕೈಯಲ್ಲಿ ಎರಡನೆಯ ಬೋಂಡ ಇತ್ತೆಂಬುದನ್ನು ದಾಖಲಿಸದೆ ಇರಲಾಗದು. ಸಿದ್ಧಾಂತ ಹೀಗಿದೆ: 100 ಗ್ರಾಂ ಬೇಯಿಸಿದ ಗಡ್ಡೆಯಲ್ಲಿ ಸುಮಾರು 87 ಕ್ಯಾಲೊರಿ, ಮುಕ್ಕಾಲು ಪಾಲಿಗೂ ಮಿಕ್ಕಿ ನೀರು, ಜೊತೆಗೆ ಸಿ ಜೀವಸತ್ವ, ಪೊಟ್ಯಾಸಿಯಂ, ಸಿಪ್ಪೆ ಸಮೇತ ತಿಂದವರಿಗೆ ನಾರು. ಕೊಬ್ಬು ಇಲ್ಲವೆನ್ನುವಷ್ಟು ಕಡಿಮೆ. ಮೈ ಬಂದಿದ್ದರೆ ಬಾಣಲೆಯನ್ನು ವಿಚಾರಿಸಿಕೊಳ್ಳಬೇಕು. ಶುಗರ್ ವಿಷಯದಲ್ಲಿ ರಾಯರ ಮಾತು ಸುಳ್ಳಲ್ಲ, ಬಿಸಿಬಿಸಿ ಗಡ್ಡೆ ಅದನ್ನು ಬೇಗ ಏರಿಸುತ್ತದೆ. ಅಕ್ಕಿ, ಗೋಧಿ ಬಿಟ್ಟರೆ ಮನುಷ್ಯರ ತಟ್ಟೆ ತುಂಬಿಸುವುದರಲ್ಲಿ ಮೂರನೆಯ ಸ್ಥಾನ ಇದರದೇ ಎಂದಾಗ ರಾಯರು ಮೂರನೆಯ ಬೋಂಡಕ್ಕೆ ಕೈ ಹಾಕಿ ವಾದ ನಿಲ್ಲಿಸಿದರು.

ಈಗ ಇತಿಹಾಸ. ಟಿಟಿಕಾಕಾ ಸರೋವರದ ಸುತ್ತಿನ ಆಂಡಿಸ್ ಜನ ಸಾವಿರಾರು ವರ್ಷಗಳ ಹಿಂದೆಯೇ ಇದನ್ನು ಪಳಗಿಸಿದರು. ರಾತ್ರಿಯ ಹಿಮಕ್ಕೆ ಒಡ್ಡಿ, ಹಗಲು ಕಾಲಲ್ಲಿ ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ 'ಚುನ್ಯೊ' ಮಾಡಿ ವರ್ಷಗಟ್ಟಲೆ ಕೂಡಿಟ್ಟರು. ಬೆಟ್ಟದ ಒಂದೊಂದು ಎತ್ತರಕ್ಕೂ ಒಂದೊಂದು ತಳಿ. ಒಟ್ಟು 4,000ಕ್ಕೂ ಹೆಚ್ಚು. ಈ ಜನ ಆಹಾರ ಭದ್ರತೆಯ ಬಗ್ಗೆ ಒಂದೇ ಒಂದು ವಿಚಾರ ಸಂಕಿರಣ ನಡೆಸಿದ ದಾಖಲೆ ಇಲ್ಲ.

ಯೂರೋಪಿನವರು ಬೇರೆ ಜಾತಿ. ತಿಂದರೆ ಕುಷ್ಠ ಬರುತ್ತದೆಂದು ಹೆದರಿ ಹಂದಿಗೆ ಹಾಕಿದರು. 1756ರಲ್ಲಿ ಪ್ರಷ್ಯಾದ ದೊರೆ ಫ್ರೆಡರಿಕ್, ಬೆಳೆಯಲೇಬೇಕೆಂದು ಆಜ್ಞೆ ಹೊರಡಿಸಿದ. ಅಲ್ಲಿ ಯುದ್ಧ ಕೈದಿಯಾಗಿ ಅದನ್ನೇ ತಿಂದು ಬದುಕಿದ ಫ್ರಾನ್ಸಿನ ಪಾರ್ಮೆಂಟಿಯೆ ಊರಿಗೆ ಮರಳಿ ಇನ್ನೂ ಒಳ್ಳೆಯ ಉಪಾಯ ಹೂಡಿದನಂತೆ: ಹೊಲಕ್ಕೆ ಹಗಲೆಲ್ಲ ಸಿಪಾಯಿಗಳ ಕಾವಲು, ರಾತ್ರಿ ಕಾವಲಿಗೆ ರಜೆ. ಕಾವಲಿದೆ ಎಂದಮೇಲೆ ಬೆಲೆಬಾಳುವ ಮಾಲೇ ಇರಬೇಕೆಂದು ಜನ ಕದ್ದು ಒಯ್ದು ಬೆಳೆದರು. ಆಜ್ಞೆಗೆ ಮೊಳೆಯದ್ದು ಕಳ್ಳತನಕ್ಕೆ ಮೊಳೆಯುತ್ತದೆ ಎಂಬ ನ್ಯಾಯ ಇಲ್ಲಿ ಸಿದ್ಧವಾಯಿತು. ರಾಗಿ ಮುದ್ದೆಗೆ ಪೊಲೀಸ್ ಬಂದೋಬಸ್ತ್ ಕೊಡುವ ಸಲಹೆಯನ್ನು ನಮ್ಮ ಪೌಷ್ಟಿಕತೆಯ ಅಧಿಕಾರಿಗಳು ಪರಿಶೀಲಿಸಬಹುದು.

ಐರ್ಲೆಂಡಿನ ಅಧ್ಯಾಯಕ್ಕೆ ಬಂದರೆ ತಮಾಷೆ ನಡೆಯುವುದಿಲ್ಲ. ಬಡವರೆಲ್ಲ ನೆಚ್ಚಿದ್ದು ಬಹುಪಾಲು ಲಂಪರ್ ಎಂಬ ಒಂದೇ ತಳಿಯನ್ನು. 1845ರಲ್ಲಿ ಅಂಗಮಾರಿ ಬಿತ್ತು, ಗಡ್ಡೆ ನೆಲದಲ್ಲೇ ಕೊಳೆಯಿತು. ಸುಮಾರು 10 ಲಕ್ಷ ಜನ ಸತ್ತರು. ಅಷ್ಟೇ ಜನ, ಅದಕ್ಕೂ ಹೆಚ್ಚು, ಹಡಗು ಹತ್ತಿ ದೇಶ ಬಿಟ್ಟರು. ಅದೇ ಹೊತ್ತಿಗೆ ಅದೇ ದೇಶದ ಬಂದರುಗಳಿಂದ ಧಾನ್ಯ ಹೊರಕ್ಕೆ ಸಾಗುತ್ತಿತ್ತು. ಚರಿತ್ರೆ ಇದನ್ನು 'ಆಲೂಗಡ್ಡೆ ಕ್ಷಾಮ' ಎಂದು ಕರೆದು ಸರ್ಕಾರದ ಹೆಸರನ್ನು ಕೈಬಿಟ್ಟಿತು.

ಮಿಕ್ಕ ಸಂಶಯವಿದ್ದವರು ಹಾಸನಕ್ಕೆ ಹೋಗಬಹುದು. ಚೀನಾ ಬಿಟ್ಟರೆ ಅತಿ ಹೆಚ್ಚು ಆಲೂಗಡ್ಡೆ ಬೆಳೆಯುವ ದೇಶ ನಮ್ಮದು. ಆದರೂ ಹಾಸನದ ಬಿತ್ತನೆ ಗಡ್ಡೆ ಬರುವುದು 2,000 ಕಿ.ಮೀ.ಗೂ ಆಚೆಯ ಜಲಂಧರ್‌ನಿಂದ. ಅಲ್ಲಿಯ ಚಳಿಗೆ ವೈರಸ್ ಹರಡುವ ಸಸ್ಯಹೇನು ಕಡಿಮೆ, ಹಾಗಾಗಿ ಬೀಜ ಚೊಕ್ಕ. ಮೇ ತಿಂಗಳಲ್ಲಿ ಮೂಟೆ ಬಿಚ್ಚಿ ಹೆಂಗಸರು ಕುಡುಗೋಲು ಹಿಡಿದು ಕೂರುತ್ತಾರೆ. ಹೋಳೊಂದಕ್ಕೆ ಎರಡು ಕಣ್ಣಾದರೂ ಇರಬೇಕು. ಕಣ್ಣಿಲ್ಲದ ಹೋಳು ಮೊಳೆಯದು. ಕೊಯ್ದದ್ದನ್ನು ಔಷಧದ ನೀರಿಗೆ ಅದ್ದಿ, ನೆರಳಲ್ಲಿ ಆರಿಸಿ, ಆಕಾಶ ನೋಡುತ್ತಾರೆ. ಇಲ್ಲೂ ಬಹುಕಾಲದಿಂದ ಕುಫ್ರಿ ಜ್ಯೋತಿ ಒಂದರದೇ ದರ್ಬಾರು. 1968ರಲ್ಲಿ ಬಿಡುಗಡೆಯಾದಾಗ ಅಂಗಮಾರಿಗೆ ಜಗ್ಗದಿದ್ದ ತಳಿ ಈಗ ಜಡಿಮಳೆ ಹಿಡಿದರೆ ವಾರದಲ್ಲಿ ಕರಟುತ್ತದೆ. ಎಷ್ಟೋ ರೈತರು ಮೆಕ್ಕೆಜೋಳಕ್ಕೂ ಶುಂಠಿಗೂ ತಿರುಗಿಬಿಟ್ಟಿದ್ದಾರೆ.

ವಿಶ್ವಸಂಸ್ಥೆಯ ಆಲೂಗಡ್ಡೆ ದಿನ ಬರುವುದೂ ಸರಿಯಾಗಿ ಈ ಬಿತ್ತನೆಯ ಹೊತ್ತಿಗೇ. ಆದಕಾರಣ ಸಮಸ್ತ ಭಾಷಣಕಾರರಲ್ಲಿ ಈ ಗ್ರಂಥಕರ್ತನ ವಿಜ್ಞಾಪನೆ: ಮುಂದಿನ ಮೇ 30ಕ್ಕೆ ಹಾಸನಕ್ಕೆ ದಯಮಾಡಿಸಿ. ಬರುವಾಗ ಹಾರ, ಶಾಲು ಬೇಡ. ಅಂಗಮಾರಿ ತಡೆಯುವ ಒಂದೆರಡು ಬೇರೆ ತಳಿಯ ಬೀಜ ತನ್ನಿ.