ಜಲಶೀತಲಿತ ಶಾಣಚಕ್ರ ಮತ್ತು ಅಡುಗೆಮನೆಯ ಅಲಗಿನ ಅನನ್ಯತೆ: ದಾಂಡೇಲಿ, ಹಳಿಯಾಳ, ಜೊಯಿಡಾ, ಮುಂಡಗೋಡ ಪರಿಸರದ ಒಂದು ಬಹುಶಿಸ್ತೀಯ ಅಧ್ಯಯನ

ಪ್ರಸ್ತುತ ಪ್ರಬಂಧದ ಉದ್ದೇಶ ಬದನೆಕಾಯಿ ಹೆಚ್ಚುವುದಲ್ಲ. ಹೆಚ್ಚುವಿಕೆ ಎಂಬ ವಿದ್ಯಮಾನವನ್ನು ಅದರ ಸಮಗ್ರ ಸಾಂಸ್ಕೃತಿಕ ಸಂಕಥನದ ನೆಲೆಯಲ್ಲಿ ಸಮಸ್ಯೀಕರಿಸುವುದು. ಅಧ್ಯಯನದ ವ್ಯಾಪ್ತಿ: ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳು. ಅಧ್ಯಯನದ ಮಿತಿ: ಸಂಶೋಧಕರಿಗೆ ಚಾಕು ಮಸೆಯಲು ಬರುವುದಿಲ್ಲ. ಇದನ್ನು ಕೊರತೆ ಎಂದು ಯಾರೂ ತಿಳಿಯಬಾರದು. ಕುಂಟೆ ಹಿಡಿಯದವರು ಕೃಷಿ ಸಂಸ್ಕೃತಿಯ ಬಗ್ಗೆ, ಬುಟ್ಟಿ ಹೆಣೆಯದವರು ಬುಟ್ಟಿಯ ಬಗ್ಗೆ ಮೂರು ದಿನದ ವಿಚಾರಸಂಕಿರಣ ನಡೆಸಿ, ಪ್ರಯಾಣಭತ್ಯೆ ಎಣಿಸಿಕೊಂಡು ಮನೆಗೆ ಮರಳಿದ ಭವ್ಯ ಪರಂಪರೆ ನಮ್ಮಲ್ಲಿದೆ.

ಮೊದಲು ಪರಿಕರ. ಜಲಶೀತಲಿತ ಶಾಣಚಕ್ರವೆಂದರೆ ಬುಡ ನೀರಿನಲ್ಲಿ ಮುಳುಗಿಸಿಕೊಂಡು ನಿಧಾನಕ್ಕೆ ತಿರುಗುವ ಸಾಣೆಕಲ್ಲು, ಅಷ್ಟೆ. ಸ್ವೀಡನ್ನಿನ ಲಿಂಡೆಸ್‌ಬರ್ಗ್ ಊರಿನಲ್ಲಿ ಟಾರ್ಗ್ನಿ ಯಾನ್ಸನ್ 1973ರಲ್ಲಿ ಶುರುಮಾಡಿದ ಟಾರ್ಮೆಕ್ ಕಂಪನಿಯ ಯಂತ್ರ ಈ ಕುಲದಲ್ಲಿ ಹೆಸರುವಾಸಿ. ಅದರ ದೊಡ್ಡ ಮಾದರಿಯಲ್ಲಿ 250 ಮಿಲಿಮೀಟರ್ ವ್ಯಾಸದ ಕಲ್ಲು ನಿಮಿಷಕ್ಕೆ 90 ಸುತ್ತು ಹಾಕುತ್ತದೆ. ಅಂದರೆ ಅಲಗಿನ ಕೆಳಗೆ ನಿಮಿಷಕ್ಕೆ ಸುಮಾರು 70 ಮೀಟರ್ ಕಲ್ಲು ಹಾದುಹೋಗುತ್ತದೆ. ವೆಲ್ಡಿಂಗ್ ಅಂಗಡಿಯ ಒಣ ಗ್ರೈಂಡರಿನಲ್ಲಿ 150 ಮಿಲಿಮೀಟರಿನ ಪುಟ್ಟ ಚಕ್ರ ನಿಮಿಷಕ್ಕೆ 2800 ಸುತ್ತು ದಾಟಿ ಓಡುತ್ತದೆ, 1300 ಮೀಟರ್ ಕಲ್ಲು ಉಜ್ಜಿಹೋಗುತ್ತದೆ. ಕಿಡಿ ಹಾರುವುದು ನೋಡಲು ಚೆಂದ. ಆದರೆ ಅಲಗಿನ ತೆಳುವಾದ ಬಾಯಿ ಕಣ್ಣು ಮಿಟುಕಿಸುವಷ್ಟರಲ್ಲಿ ಕಾದು ಮೊದಲು ಒಣಹುಲ್ಲಿನ ಬಣ್ಣಕ್ಕೆ, ಆಮೇಲೆ ನೀಲಿಗೆ ತಿರುಗುತ್ತದೆ. ಉಕ್ಕು ನೀಲಿಯಾಯಿತೆಂದರೆ ಅಲ್ಲಿ ಕಾವು 300 ಡಿಗ್ರಿಯ ಆಸುಪಾಸು ಮುಟ್ಟಿದೆ, ಕಮ್ಮಾರ ನೀರು ಕುಡಿಸಿ ಕೊಟ್ಟ ಗಡಸುತನ ಇಳಿದಿದೆ. ಆಮೇಲೆ ಎಷ್ಟು ಮಸೆದರೂ ಎರಡು ಈರುಳ್ಳಿಗೆ ಮೊಂಡು. ನೀರಿನ ಕಲ್ಲಿನಲ್ಲಿ ಈ ಭಯವಿಲ್ಲ.

ಇಷ್ಟು ಸಲೀಸಾಗಿ ಬರೆದರೆ ಪದವಿ ಬರುವುದಿಲ್ಲವಾದ್ದರಿಂದ ಮೇಲಿನದನ್ನು ಹೀಗೆ ತಿದ್ದಿ ಓದಿಕೊಳ್ಳಬೇಕು: ಜಲಮಾಧ್ಯಮಿಕ ಉಷ್ಣಾಪಸರಣೆಯು ಲೋಹದ ಆಂತರಿಕ ಅಸ್ಮಿತೆಯನ್ನು ಘರ್ಷಣೆಯ ಯಜಮಾನಿಕೆಯಿಂದ ವಿಮೋಚನೆಗೊಳಿಸುವ ಒಂದು ಪರ್ಯಾಯ ಚಲನಶೀಲ ಪ್ರಕ್ರಿಯೆಯಾಗಿದೆ.

ಇನ್ನು ಅಲಗುಗಳ ವರ್ಗೀಕರಣ. ಸಮಗ್ರತೆಯ ಸಲುವಾಗಿ ಏಳು ವರ್ಗಗಳನ್ನು ಗುರುತಿಸಲಾಗಿದೆ.

ಒಂದನೆಯದು ಹಸ್ತಾಧೀನ ಅಲಗು. ಪೇಟೆಯ ಪಾತ್ರೆ ಅಂಗಡಿಯಲ್ಲಿ ಸಿಗುವ ಸ್ಟೀಲ್ ಚಾಕು ಇದು. ಇದನ್ನು ಯಂತ್ರದ ಹಿಡಿಕೆಗೆ ಸಿಕ್ಕಿಸಿ, ಅಡ್ಡಸರಳಿನ ಮೇಲೆ ಕೂರಿಸಿ, ಎರಡೂ ಮಗ್ಗುಲು ಸೇರಿ 30ರಿಂದ 40 ಡಿಗ್ರಿ ಬರುವಂತೆ ಕಲ್ಲಿನ ಮೇಲೆ ಆಚೀಚೆ ಸರಿಸಬೇಕು. ಸ್ವಲ್ಪ ಹೊತ್ತಿಗೆ ಇನ್ನೊಂದು ಮಗ್ಗುಲಲ್ಲಿ ಕೂದಲೆಳೆಯಂಥ ಲೋಹದ ಮಡಿಕೆ ಏಳುತ್ತದೆ. ಕಣ್ಣಿಗೆ ಕಾಣದು, ಹೆಬ್ಬೆರಳನ್ನು ಬೆನ್ನಿನ ಕಡೆಯಿಂದ ಬಾಯಿಯ ಕಡೆಗೆ ಅಡ್ಡ ಸವರಿದರೆ ಸಣ್ಣಗೆ ತಡೆಯುತ್ತದೆ. ವರ್ಕ್‌ಶಾಪಿನವರು ಅದನ್ನು ಬರ್ ಅನ್ನುತ್ತಾರೆ. ಬುಡದಿಂದ ತುದಿಯವರೆಗೆ ಬರ್ ಎದ್ದಿದ್ದರೆ ಮಗ್ಗುಲು ಬದಲಿಸಬಹುದು. ಎಲ್ಲಿ ಎದ್ದಿಲ್ಲವೋ ಅಲ್ಲಿ ಕಲ್ಲು ಇನ್ನೂ ಬಾಯಿ ಮುಟ್ಟಿಲ್ಲ. ಕಡೆಗೆ ಪಕ್ಕದ ಚರ್ಮದ ಚಕ್ರಕ್ಕೆ ಪೇಸ್ಟ್ ಸವರಿ, ಚಕ್ರ ಅಲಗಿನ ಬಾಯಿಯಿಂದ ಆಚೆಗೆ ಓಡುವ ದಿಕ್ಕಿನಲ್ಲಿ ಹಿಡಿದು ಆ ಬರ್ ಉದುರಿಸಬೇಕು. ಎದುರು ದಿಕ್ಕಿಗೆ ಹಿಡಿದವರ ಚಾಕು ಹರಿತವಾಗುತ್ತದೋ ಇಲ್ಲವೋ, ಚರ್ಮವಂತೂ ಸೀಳುತ್ತದೆ. ಇಷ್ಟಕ್ಕೂ ಆ ಯಂತ್ರದ ದುಡ್ಡಿಗೆ ಹಳಿಯಾಳದಲ್ಲಿ ಹಾಲು ಕರೆಯುವ ಎಮ್ಮೆ ಬರುತ್ತದೆ. ಎಮ್ಮೆ ಸಗಣಿಯನ್ನಾದರೂ ಕೊಡುತ್ತದೆ.

ಎರಡನೆಯದು ಪಾದಾಕ್ರಾಂತ ಸ್ಥಾವರ ಅಲಗು. ಮನೆಮಾತಿನಲ್ಲಿ ಈಳಿಗೆಮಣೆ, ಮೆಟ್ಟುಗತ್ತಿ. ಇಲ್ಲಿಗೆ ಬಂದಾಗ ಯಂತ್ರದ ಸಿದ್ಧಾಂತವೆಲ್ಲ ಕೈಕೊಡುತ್ತದೆ. ಚಾಕು ಕಲ್ಲಿನ ಹತ್ತಿರ ಹೋಗುತ್ತದೆ. ಈಳಿಗೆಯ ಹತ್ತಿರಕ್ಕೆ ಕಲ್ಲೇ ಬರಬೇಕು. ಮಣೆಗೆ ಜಡಿದು ಕೂತ, ಕೊಕ್ಕಿನಂತೆ ಬಾಗಿದ, ತುದಿಯಲ್ಲಿ ಕಾಯಿ ತುರಿಯುವ ಹಲ್ಲು ಇಟ್ಟುಕೊಂಡ ಅಲಗು ಲಿಂಡೆಸ್‌ಬರ್ಗಿನ ಯಾವ ಹಿಡಿಕೆಗೂ ಒಗ್ಗುವುದಿಲ್ಲ. ಅದನ್ನು ದಿನವೂ ಬಳಸುವ ಹೆಂಗಸರು ಮಣೆ ಮೆಟ್ಟಿ ಕೂತು, ಸವೆದ ಕಾರ್ಬೊರಂಡಂ ಕಲ್ಲಿನ ತುಂಡಿಗೆ ಚೊಂಬಿನ ನೀರು ಚಿಮುಕಿಸಿ, ಅಲಗು ಬಾಗಿದಂತೆ ಮಣಿಕಟ್ಟು ಬಾಗಿಸಿ ಉಜ್ಜುತ್ತಾರೆ. ಡಿಗ್ರಿ ಗೊತ್ತಿಲ್ಲ, ಕೋನಮಾಪಕ ಇಲ್ಲ. ಹಲಸಿನಕಾಯಿ ಕೊಯ್ಯುವ ಮೊದಲು ಅಲಗಿಗೆ ಕೊಬ್ಬರಿ ಎಣ್ಣೆ ಸವರದಿದ್ದರೆ ಮೇಣ ಹತ್ತಿ ಅರ್ಧ ದಿನ ಹಾಳು ಎಂಬುದು ಮಾತ್ರ ಗೊತ್ತು. ಜೊಯಿಡಾದ ಗೆಡ್ಡೆ-ಗೆಣಸು ಮೇಳಕ್ಕೆ ಕುಣಬಿ ಕುಟುಂಬಗಳು ಹೊತ್ತು ತರುವ, ತೋಳುದ್ದದ ಗೆಡ್ಡೆಗಳನ್ನು ಹೋಳು ಮಾಡುವುದು ಇಂಥ ಅಲಗುಗಳೇ. ಮೇಳಕ್ಕೆ ಬಂದ ವಿದ್ವಾಂಸರು ಗೆಡ್ಡೆಯ ಫೋಟೊ ತೆಗೆಯುತ್ತಾರೆ, ಗೆಡ್ಡೆ ಬೆಳೆದವರ ಫೋಟೊವನ್ನೂ ತೆಗೆಯುತ್ತಾರೆ. ಅಲಗು ಯಾರು ಹೊಡೆದದ್ದು ಎಂದು ಕೇಳಿದ ವಿದ್ವಾಂಸರನ್ನು ಈ ಅಧ್ಯಯನ ಇನ್ನೂ ಹುಡುಕುತ್ತಿದೆ.

ಮೂರನೆಯದು ಸಂಚಾರಿ ಅಲಗು. ಕುಡಗೋಲು, ಹಳಿಯಾಳದ ಕಬ್ಬಿನ ಗದ್ದೆಗಳ ಕೊಯ್ತಾ, ಸೊಪ್ಪು ಕಡಿಯುವ ಕತ್ತಿ ಇದರಲ್ಲಿ ಸೇರುತ್ತವೆ. ಇವಕ್ಕೆ ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ ಮಸೆಯುವ ರೂಢಿ. ನಾಲ್ಕನೆಯದು ಸಾಮುದಾಯಿಕ ಅಲಗು: 1966ರಲ್ಲಿ ನೆಲೆಗೊಂಡ ಮುಂಡಗೋಡದ ಟಿಬೆಟನ್ ಕ್ಯಾಂಪಿನ ಡ್ರೆಪುಂಗ್, ಗಾದೆನ್ ಮಠಗಳಲ್ಲಿ ಭಿಕ್ಷುಗಳ ದೊಡ್ಡ ಪಂಕ್ತಿಗೆ ಕೋಸು ಕೊಚ್ಚುವ ಚಾಕುಗಳು. ಐದು, ಆರು, ಏಳನೆಯ ವರ್ಗಗಳನ್ನು ಕೇಳುವುದು ವಿಶ್ವವಿದ್ಯಾಲಯದ ನಿಯಮಾವಳಿ, ಓದುಗರಲ್ಲ. ಆದ್ದರಿಂದ ಅವನ್ನು ಕೈಬಿಡಲಾಗಿದೆ.

ಮುಂದಿನದು ಹರಿತದ ಪರೀಕ್ಷೆ. ಯಂತ್ರಪ್ರಿಯರು ಇದಕ್ಕೆ ಒಂದು ಕಾಗದವನ್ನು ಗಾಳಿಯಲ್ಲಿ ತೂಗುಹಾಕಿ ಹಿಡಿದು ಅದರ ಅಂಚಿಗೆ ಚಾಕು ಇಳಿಬಿಡುತ್ತಾರೆ. ಸದ್ದಿಲ್ಲದೆ ಸೀಳಿದರೆ ಪಾಸು, ಸಿಕ್ಕಿ ಹರಿದರೆ ನಪಾಸು. ಈ ನಾಲ್ಕು ತಾಲ್ಲೂಕುಗಳಲ್ಲಿ ಕಾಗದವೆಂದರೆ ಬರೀ ಕಾಗದವಲ್ಲ. 1955ರಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾಳಿ ನದಿಯ ದಂಡೆಗೆ, ದಾಂಡೇಲಿಗೆ ಬಂದದ್ದೇ ಸುತ್ತಲಿನ ಬಿದಿರು ನೋಡಿ. ಜಿಲ್ಲೆಯ ಅತಿ ದೊಡ್ಡ ಚಾಕುಗಳು ಇರುವುದು ಅಡುಗೆಮನೆಯಲ್ಲಲ್ಲ. ಕಾಗದ ಕಾರ್ಖಾನೆಯ ಚಿಪ್ಪರ್ ಎಂಬ ಯಂತ್ರದಲ್ಲಿ ಭಾರಿ ತಟ್ಟೆಗೆ ಬೋಲ್ಟ್ ಹಾಕಿ ಬಿಗಿದ ಅಲಗುಗಳು ಬಿದಿರು, ಮರಗಳನ್ನು ಒಂದೇ ಸಮನೆ ಚಕ್ಕೆ ಮಾಡುತ್ತವೆ. ಅಲಗು ಮೊಂಡಾದರೆ ನಾರು ಜಜ್ಜಿ ಹೋಗುತ್ತದೆ, ಚಕ್ಕೆಗಿಂತ ಹೊಟ್ಟೇ ಜಾಸ್ತಿ ಬೀಳುತ್ತದೆ. ಹಾಗಾಗಿ ಅವನ್ನು ಆಗಾಗ ಬಿಚ್ಚಿ, ಧಾರಾಳವಾಗಿ ತಣ್ಣೀರು ಸುರಿಯುವ ಗ್ರೈಂಡರಿನಲ್ಲಿ ಸಾಣೆ ಹಿಡಿಯಬೇಕು. ಜಲಶೀತಲಿತ ಶಾಣಚಕ್ರ ಅಡುಗೆಮನೆಗೆ ಹೊಸದಿರಬಹುದು, ಕಾಗದದ ದಂಧೆಗಲ್ಲ.

ಬಿದಿರಿನ ಕತೆಯಲ್ಲೂ ಒಂದು ಕತ್ತಿ ಬರುತ್ತದೆ. ಕಾರ್ಖಾನೆಗೆ ಬಿದಿರು ಸಿಕ್ಕಿದ್ದು ಹೆಸರಿಗಷ್ಟೇ ಎಂಬಂಥ ದರಕ್ಕೆ. ಅದೇ ಬಿದಿರಿಗೆ ಮೇದಾರರು ಸಂತೆಯ ದರ ತೆರಬೇಕಿತ್ತು. ಬಿದಿರು ಮುಗಿಯುತ್ತಿದೆ ಎಂದು ಬುಟ್ಟಿ ಹೆಣೆಯುವವರು 1970ರ ದಶಕದಲ್ಲಿ ದೂರಿದಾಗ, ಆಗ ರಾಜ್ಯದ ಹಣಕಾಸು ಸಚಿವರಾಗಿದ್ದ ಎಂ. ವೈ. ಘೋರ್ಪಡೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳರಿಗೆ ನೋಡಿ ಹೇಳಲು ಒಪ್ಪಿಸಿದರು. ಬಿದಿರು ಹಾಳಾಗುತ್ತಿರುವುದು ಹಳ್ಳಿಯವರಿಂದ, ಅವರ ದನಗಳಿಂದ ಎಂಬುದು ಅರಣ್ಯ ಇಲಾಖೆಯ ಪಾಠ. ಆ ಕಾಲಕ್ಕೆ ವೈಜ್ಞಾನಿಕ ನಿರ್ವಹಣೆಯ ಹೆಸರಿನಲ್ಲಿ ಮೆಳೆಯ ಬುಡದ ಮುಳ್ಳಿನ ಹೊದಿಕೆಯನ್ನು ಸವರಿ ಚೊಕ್ಕಟ ಮಾಡಲಾಗುತ್ತಿತ್ತು. ಮುಳ್ಳು ಸವರಬೇಡಿ, ಅದು ಹೋದರೆ ಕಳಲೆಗೆ ಕಾವಲಿಲ್ಲ ಎಂದು ಊರಿನವರು ಹೇಳಿದ್ದರು. ಗಾಡ್ಗೀಳರ ತಂಡ ಮೆಳೆಗಳ ನಡುವೆ ಕೂತು ಲೆಕ್ಕ ಹಾಕಿದಾಗ ಸರಿಯೆಂದು ಕಂಡದ್ದು ಊರಿನವರ ಮಾತು. ಮುಳ್ಳು ಸವರಿದ ಮೆಳೆಯಲ್ಲಿ ಮಳೆಗಾಲಕ್ಕೆ ಎದ್ದ ಕಳಲೆಯನ್ನು ದನವೂ ಕಾಡುಪ್ರಾಣಿಯೂ ತಿಂದು ಮುಗಿಸುತ್ತಿದ್ದವು.

ಇಲ್ಲಿ ಪ್ರಬಂಧದ ಧಾಟಿ ತಪ್ಪುತ್ತದೆ, ತಪ್ಪಲಿ. ಕತ್ತಿ ಎಲ್ಲಿ ತಾಗಿಸಬಾರದು ಎಂದು ಬಲ್ಲವನ ಮಾತು ಮೂಢನಂಬಿಕೆ. ಕತ್ತಿ ಹಿಡಿಯದೆ ಸವರಲು ಸುತ್ತೋಲೆ ಹೊರಡಿಸಿದವನ ಮಾತು ವಿಜ್ಞಾನ! ಮೇದಾರನಿಗೆ ಬಿದಿರು ತಪ್ಪಿತು. ಕಾರ್ಖಾನೆ ದೂರದ ರಾಜ್ಯಗಳ ಬಿದಿರಿಗೆ, ಆಮೇಲೆ ನೀಲಗಿರಿಗೆ ಹೊರಳಿಕೊಂಡು ಬದುಕಿತು. ಮೇದಾರ ಎಲ್ಲಿಗೆ ಹೊರಳಬೇಕಿತ್ತು? ಈಗ ಅವನ ಬುಟ್ಟಿಯ ಮೇಲೆ ವಿಚಾರಸಂಕಿರಣ ನಡೆಯುತ್ತದೆ, ಅದಕ್ಕೆ ಬೇಕಾದ ಫೈಲು, ಪ್ಯಾಡು, ಆಹ್ವಾನಪತ್ರಿಕೆ ಎಲ್ಲ ಕಾಗದದವೇ.

ಜಲಮಾಧ್ಯಮದ ಅಧ್ಯಾಯವನ್ನು ಸಂಕ್ಷಿಪ್ತವಾಗಿ ಮುಗಿಸಬಹುದು. ಯಂತ್ರಕ್ಕೆ ಬೇಕಾದದ್ದು ತೊಟ್ಟಿಯಲ್ಲೊಂದಿಷ್ಟು ನೀರು ಮತ್ತು ತಪ್ಪದ ಕರೆಂಟು. ಕಾಳಿಗೆ ಅಡ್ಡ ಕಟ್ಟಿದ 101 ಮೀಟರ್ ಎತ್ತರದ ಅಣೆಕಟ್ಟು ಸೂಪಾ ಪೇಟೆಯನ್ನೇ ನುಂಗಿ, ತಾಲ್ಲೂಕು ಕಚೇರಿಯನ್ನು ಜೊಯಿಡಾಕ್ಕೂ ಎಷ್ಟೋ ಮನೆಗಳನ್ನು ರಾಮನಗರದ ಪುನರ್ವಸತಿ ಕಾಲೊನಿಗೂ ದೂಡಿತು. ಅಲ್ಲಿ ನಿಂತ ನೀರು ಇಡೀ ರಾಜ್ಯಕ್ಕೆ ಬೆಳಕು ಕೊಡುತ್ತದೆ. ಆಷಾಢದಲ್ಲಿ ಜೊಯಿಡಾದ ಒಳಹಳ್ಳಿಯಲ್ಲಿ ಮರ ಬಿದ್ದು ತಂತಿ ಹರಿದ ಮೇಲೆ ಆ ಬೆಳಕು ಯಾವಾಗ ಮರಳುತ್ತದೆಂದು ಲೈನ್‌ಮನ್ನಿಗೂ ಗೊತ್ತಿರುವುದಿಲ್ಲ. ಅಂಥ ದಿನ ಸ್ವೀಡನ್ನಿನ ಯಂತ್ರ ಒಂದು ದುಬಾರಿ ಮಸೆಗಲ್ಲು, ಅದೂ ದುಂಡನೆಯದು.

ಹಾಗೆಂದು ಯಂತ್ರವನ್ನು ಹಳಿಯುವುದು ಪ್ರಬಂಧದ ಆಶಯವಲ್ಲ. ಯಂತ್ರ ಒಳ್ಳೆಯದು. ಮನೆಮನೆಯ ಕಟ್ಟೆಯ ಮೇಲೆ ಅಲಂಕಾರಕ್ಕೆ ಕೂರುವ ಬದಲು ಅದು ಕುಲುಮೆಗೆ ಹೋಗಬೇಕು. ಹಳಿಯಾಳ, ಮುಂಡಗೋಡದ ಹಳ್ಳಿಗಳ ಕಮ್ಮಾರಸಾಲೆಗೆ ವರ್ಷದ ಆಯ ತಪ್ಪಿ ಎಷ್ಟೋ ಕಾಲವಾಯಿತು. ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಹೆಸರಾದ ಕಾಡಿಗೆ ಇದ್ದಿಲು ಸುಡಲು ಹೋಗುವಂತಿಲ್ಲ. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿ ಕಾಯಿಸಿ ಬಡಿದು ಕತ್ತಿ ಮಾಡುವವನಿಗೆ ಬಾಯಿ ಹಾಕುವ ಕಡೆಯ ಕೆಲಸಕ್ಕೆ ನೀರಿನ ಕಲ್ಲು ಒದಗಿದರೆ, ಒಣ ಗ್ರೈಂಡರಿನಲ್ಲಿ ಅಲಗು ನೀಲಿಯಾಗುವುದು ತಪ್ಪುತ್ತದೆ. ಸುತ್ತಲಿನ ಊರುಗಳ ಚಾಕು, ಕೊಯ್ತಾ ಅವನ ಬಳಿಗೇ ಬರುತ್ತವೆ. ಈಳಿಗೆಯನ್ನು ಅವನು ಕೈಯಲ್ಲೇ ಮಸೆದುಕೊಡುತ್ತಾನೆ, ಅವನಿಗೆ ಅದು ಬರುತ್ತದೆ.

ಮೌಖಿಕ ಪರೀಕ್ಷೆಯ ಸಮಿತಿಯು ಪ್ರಬಂಧವನ್ನು ಪರಿಶೀಲಿಸಿ ಎರಡು ತಿದ್ದುಪಡಿ ಸೂಚಿಸಿದೆ. ‘ಕಮ್ಮಾರ’ ಎಂದಿರುವಲ್ಲೆಲ್ಲ ‘ಲೋಹಾಧಾರಿತ ಪಾರಂಪರಿಕ ಜ್ಞಾನವಾಹಕ’ ಎಂದು ಬದಲಿಸತಕ್ಕದ್ದು. ಬಿದಿರಿನ ಭಾಗ ವಿಷಯಾಂತರವಾದ್ದರಿಂದ ಸಂಪೂರ್ಣ ತೆಗೆದುಹಾಕತಕ್ಕದ್ದು. ಸಂಶೋಧಕರು ಮೊದಲನೆಯದಕ್ಕೆ ಒಪ್ಪಿದ್ದಾರೆ.