ಕೋಸಿನ ಪರದೆ: ಬಳಕೆದಾರರ ಕೈಪಿಡಿ

ಮಾನ್ಯ ತಾರಸಿ ಕೃಷಿಕರೇ,

ನಾಲ್ಕು ಎಲೆಕೋಸು, ಎರಡು ಹೂಕೋಸು ಮತ್ತು ಯಾರೂ ಲೆಕ್ಕಕ್ಕಿಡದ ನವಿಲುಕೋಸಿನ ರಕ್ಷಣೆಗಾಗಿ ನೈಲಾನ್ ಪರದೆ ಕೊಂಡಿದ್ದಕ್ಕೆ ಅಭಿನಂದನೆಗಳು. ಇದೇ ದುಡ್ಡಿಗೆ ಮಾರ್ಕೆಟ್ಟಿನಲ್ಲಿ ಮೂಟೆ ಕೋಸು ಬರುತ್ತಿತ್ತಲ್ಲ ಎಂದು ಮನೆಯಲ್ಲಿ ಯಾರಾದರೂ ಅಂದರೆ, ಅವರ ಲೆಕ್ಕ ಸರಿಯಾಗಿದೆ. ವಾದಕ್ಕಿಳಿಯದೆ ಮೆಟ್ಟಿಲು ಹತ್ತಿ. ಕೈಪಿಡಿಯನ್ನು ಪರದೆ ಕಟ್ಟುವ ಮೊದಲೇ ಓದತಕ್ಕದ್ದು. ಕಟ್ಟಿ, ಹುಳು ಬಿದ್ದ ಮೇಲೆ ಓದುವವರೇ ಹೆಚ್ಚು ಎಂಬುದು ನಮಗೂ ಗೊತ್ತು.

ಶತ್ರುವಿನ ಪರಿಚಯ: ಬಿಳಿ ಚಿಟ್ಟೆ ಕಂಡ ಕೂಡಲೇ ಟವೆಲ್ ಬೀಸಿಕೊಂಡು ಓಡಬೇಡಿ. ವಿದೇಶದ ವಿಡಿಯೋಗಳಲ್ಲಿ ಖಳನಾಯಕ ಅದೇ ಇರಬಹುದು. ಬೆಂಗಳೂರಿನ ತಾರಸಿ ಮೇಲೆ ಹಾದುಹೋಗುವ ತಿಳಿಹಳದಿ ಚಿಟ್ಟೆಗಳಲ್ಲಿ ಬಹಳಷ್ಟು ಕಕ್ಕೆ ಗಿಡ ಹುಡುಕಿಕೊಂಡು ಹೊರಟವು, ನಿಮ್ಮ ಕೋಸನ್ನು ತಿರುಗಿಯೂ ನೋಡುವುದಿಲ್ಲ. ಅಸಲಿ ಆಸಾಮಿ ವಜ್ರಬೆನ್ನಿನ ಪತಂಗ. ಹೆಸರಿನಲ್ಲಿರುವ ವೈಭವ ಮೈಯಲ್ಲಿಲ್ಲ: ಸುಮಾರು 8 ಮಿಲಿಮೀಟರ್ ಉದ್ದ, ಮಾಸಲು ಕಂದು ಬಣ್ಣ, ರೆಕ್ಕೆ ಮಡಚಿ ಕೂತಾಗ ಬೆನ್ನುದ್ದಕ್ಕೂ ತಿಳಿಬಣ್ಣದ ವಜ್ರಾಕಾರದ ಸಾಲು. ಸಂಜೆ ನೀವು ಕಾಫಿ ಲೋಟ ಹಿಡಿದು ತಾರಸಿಗೆ ಬರುವ ಹೊತ್ತಿಗೆ ಅದೂ ಡ್ಯೂಟಿಗೆ ಹಾಜರು. ಕೋಸಿನ ಎಲೆಯಲ್ಲಿರುವ ಸಾಸಿವೆಯಂಥ ಘಾಟೇ ಅದಕ್ಕೆ ವಿಳಾಸ.

ಮರಿಹುಳು ಮೊದಲು ಎಲೆಯೊಳಗೇ ಸುರಂಗ ಕೊರೆಯುತ್ತದೆ. ಆಮೇಲೆ ಎಲೆಯಡಿಗೆ ಬಂದು, ಮೇಲಿನ ತೆಳು ಪೊರೆ ಒಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮೇಯುತ್ತದೆ. ಬೆರಳು ತಾಗಿಸಿ ನೋಡಿ, ಹಿಂದಕ್ಕೆ ಮಿಡುಕುತ್ತ ನೂಲು ಬಿಟ್ಟುಕೊಂಡು ಜೋತುಬೀಳುತ್ತದೆ. ನೀವು ಅತ್ತ ಹೋದಿರೋ, ಅದೇ ನೂಲು ಹಿಡಿದು ವಾಪಸು. 1953ರಲ್ಲೇ ಜಾವಾದಲ್ಲಿ ಡಿಡಿಟಿಗೆ ಜಗ್ಗದೆ ನಿಂತ ವಂಶ ಇದು. ಬಿಟಿ ಎಂಬ ಬ್ಯಾಕ್ಟೀರಿಯಾದ ಸಿಂಪಡಣೆಯನ್ನು ಹೊಲದಲ್ಲಿ ಮೊಟ್ಟಮೊದಲು ಅರಗಿಸಿಕೊಂಡದ್ದೂ ಇದೇ. ನಿಮ್ಮ ಬೆಳ್ಳುಳ್ಳಿ-ಮೆಣಸಿನಕಾಯಿ ಕಷಾಯಕ್ಕೆ ಎಷ್ಟು ಮರ್ಯಾದೆ ಕೊಟ್ಟೀತೆಂದು ನೀವೇ ಯೋಚಿಸಿ.

ಖರೀದಿ: ಅಂಗಡಿಯಲ್ಲಿ '40 ಮೆಶ್ ಇನ್ಸೆಕ್ಟ್ ನೆಟ್' ಎಂದೇ ಕೇಳಿ, ಅಂದರೆ ಅಂಗುಲಕ್ಕೆ 40 ತೂತು. ಸುಮ್ಮನೆ 'ನೆಟ್ ಕೊಡಿ' ಅಂದರೆ ಹಸಿರು ಶೇಡ್ ನೆಟ್ ಕತ್ತರಿಸಿ ಕೊಡುತ್ತಾರೆ. ಕೋಸಿಗೆ ಬೇಕಾದ ಬಿಸಿಲನ್ನು ಅದು ಹೊರಗಿಡುತ್ತದೆ, ಬೇಡದ ಪತಂಗವನ್ನು ಒಳಗೆ ಬಿಡುತ್ತದೆ. ಪಾರಿವಾಳದ ಬಲೆ ಪಾರಿವಾಳಕ್ಕೆ. ಅಟ್ಟದ ಮೇಲಿನ ಹಳೇ ಸೊಳ್ಳೆ ಪರದೆ ಏನೂ ಇಲ್ಲದ್ದಕ್ಕಿಂತ ಮೇಲು, ಅಷ್ಟೇ.

ಜೋಡಣೆ: ಎಲೆಕ್ಟ್ರಿಷಿಯನ್ನರು ಬಳಸುವ ಬಗ್ಗುವ ಪೈಪನ್ನು ಕಮಾನು ಮಾಡಿ, ಮೇಲೆ ಪರದೆ ಹೊದಿಸಿ. ಈಗಿನ ಸಸಿಯ ಅಳತೆಗೆ ಕಟ್ಟಬೇಡಿ. ಎಲೆ ಬೆಳೆದು ಪರದೆಗೆ ತಾಗಿದರೆ ಪತಂಗ ಒಳಗೆ ಬರುವ ಕಷ್ಟವನ್ನೇ ತೆಗೆದುಕೊಳ್ಳದೆ ಹೊರಗೆ ಕೂತೇ ಮೊಟ್ಟೆಯಿಡುತ್ತದೆ. ಕೆಳಗಿನ ಅಂಚಿಗೆ ಇಟ್ಟಿಗೆ ಹೇರಿ. ಬಟ್ಟೆ ಕ್ಲಿಪ್ಪು ಹಾಕಿದರೆ, ಬಟ್ಟೆ ಒಣಹಾಕುವ ದಿನ ಅವು ಮೂಲ ಮಾಲೀಕರಿಗೆ ಮರಳುತ್ತವೆ.

'ಪಾಪ, ಜೇನು ಒಳಗೆ ಬರೋದು ಹೇಗಪ್ಪಾ?' ಎಂದು ಅತ್ತೆಯವರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸೌತೆಗೆ ಜೇನು ಬೇಕು. ಕೋಸನ್ನು ನಾವು ಹೂ ಬಿಡುವ ಮೊದಲೇ ಕೊಯ್ಯುತ್ತೇವೆ, ಹೂಕೋಸೂ ಅರಳುವ ಮೊದಲಿನ ಗಂಟೇ. ಹಾಗಾಗಿ ನಾಟಿಯಿಂದ ಕೊಯ್ಲಿನವರೆಗೂ ಮುಚ್ಚಿಡಬಹುದು.

ಎಚ್ಚರಿಕೆ: ಬೀಗ ಹಾಕುವ ಮೊದಲು ಕಳ್ಳ ಒಳಗಿಲ್ಲವೆಂದು ನೋಡಿಕೊಳ್ಳಿ. ನರ್ಸರಿ ಸಸಿಯ ಜೊತೆ ಒಂದೇ ಒಂದು ಸಸ್ಯಹೇನು ಬಂದರೂ ಸಾಕು, ಗಂಡಿನ ಹಂಗಿಲ್ಲದೆ ಹೆಣ್ಣು ಹೇನುಗಳೇ ಮರಿ ಹಾಕುತ್ತ ಹೋಗುತ್ತವೆ. ಅವನ್ನು ತಿನ್ನಬೇಕಾದ ಗುಲಗಂಜಿ ಹುಳು ಪರದೆಯ ಹೊರಗೆ ಕೂತು ಒಳಗಿನ ಔತಣ ನೋಡುತ್ತಿರುತ್ತದೆ. ವಾರಕ್ಕೆರಡು ಬೆಳಿಗ್ಗೆ ಎಲೆ ಮಗುಚಿ ನೋಡಿ. ಹೇನಿದ್ದರೆ ನೀರು ರಭಸವಾಗಿ ಹೊಡೆಯಿರಿ. ಅದಕ್ಕೂ ಜಗ್ಗದಿದ್ದರೆ ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ರೂಪಿಸಿದ ಬೇವಿನ ಸೋಪು ಇದೆ. ಎಲೆಯಡಿ ಸಡಿಲ ನೇಯ್ಗೆಯ ಪುಟ್ಟ ಗೂಡೊಂದು ಕಂಡರೆ, ಒಳಗಿನ ಹಸಿರು ಕೋಶ ಆರಪಾರ ಕಾಣುತ್ತಿದ್ದರೆ, ಅದು ವಜ್ರಬೆನ್ನು ತನಗಾಗಿ ಕಟ್ಟಿಕೊಂಡ ಪರದೆ. ಕಟ್ಟಿದ್ದು ನಿಮ್ಮದಕ್ಕಿಂತ ಅಚ್ಚುಕಟ್ಟು. ಮೆಚ್ಚಿ, ಆಮೇಲೆ ಹೊಸಕಿ.

ಈ ಉತ್ಪನ್ನದಲ್ಲಿ ದೊಡ್ಡ ತೂತು ಒಂದೇ: ತಾವು. 'ಏನ್ರೀ, ಕೋಸಿಗೂ ಸೊಳ್ಳೆ ಕಚ್ಚುತ್ತಾ?' ಎಂದು ಪಕ್ಕದ ತಾರಸಿಯವರು ನಕ್ಕ ಮರುಗಳಿಗೆ ತಾವು ಪರದೆ ಎತ್ತಿ, 'ಬನ್ನಿ, ಗಡ್ಡೆ ಎಷ್ಟು ಗಟ್ಟಿಯಾಗಿದೆ ಮುಟ್ಟಿ ನೋಡಿ' ಎನ್ನುತ್ತೀರಿ. ಭಾವಮೈದ ಬಂದರೆ ಮತ್ತೊಮ್ಮೆ. ಫೋಟೋಗೆ ಬೇರೆ, ಅದೂ ಸಂಜೆಯ ಬೆಳಕು ಚೆನ್ನಾಗಿದೆಯೆಂದು, ಪತಂಗದ ಡ್ಯೂಟಿ ಹೊತ್ತಿಗೇ. ಮಾತಿನ ಭರದಲ್ಲಿ ಎತ್ತಿದ ಅಂಚಿಗೆ ಇಟ್ಟಿಗೆ ಮರಳುವುದಿಲ್ಲ.

ಹೆಚ್ಚುವರಿ ಭಾಗ (ಪ್ರತ್ಯೇಕವಾಗಿ ಬಿತ್ತಬೇಕು): ಪ್ರತಿ 25 ಸಾಲು ಎಲೆಕೋಸಿಗೆ ಜೋಡಿ ಸಾಲು ಸಾಸಿವೆ, ಅದರಲ್ಲಿ ಮೊದಲನೆಯದು ಕೋಸು ನಾಟಿಗೆ 15 ದಿನ ಮುಂಚೆ, ಎಂಬುದು ಹೆಸರಘಟ್ಟದವರ ಶಿಫಾರಸು. ಪತಂಗ ಸಾಸಿವೆಗೆ ಮರುಳಾಗಿ ಅಲ್ಲೇ ಮೊಟ್ಟೆಯಿಡಲಿ ಎಂದು. ಸಾಲೇ ಇಲ್ಲದ ತಾರಸಿಯಲ್ಲಿ ಪರದೆಯ ಹೊರಗೊಂದು ಕುಂಡ ಇಟ್ಟುಕೊಳ್ಳಿ. ಅದರ ಹುಳು ಆರಿಸದೆ ಬಿಟ್ಟರೆ ಮಾತ್ರ ಅದು ಬಲೆಯಾಗುವ ಬದಲು ಹಾಸ್ಟೆಲ್ ಆಗುತ್ತದೆ.

ಕೋತಿಗಳು ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ.

ವಾರಂಟಿ: ಕೊಯ್ದ ಕೋಸನ್ನು ಉಪ್ಪುನೀರಿನಲ್ಲಿ ನೆನೆಸಿದಾಗ ಹುಳು ತೇಲಿದರೆ ಕಂಪನಿ ಜವಾಬ್ದಾರಿಯಲ್ಲ. ಬಳಕೆಯ ನಂತರ ಪರದೆಯನ್ನು ತೊಳೆದು, ಒಣಗಿಸಿ, ಸುತ್ತಿ, ಮನೆಯವರ ಕಣ್ಣಿಗೆ ಬೀಳದ ಜಾಗದಲ್ಲಿಡಿ. ಇಲ್ಲವಾದರೆ ಯುಗಾದಿ ಕಳೆಯುತ್ತಲೇ ಅದು ಸಂಡಿಗೆ ಮೇಲೆ ಹರಡಿಕೊಂಡು ಕಾಗೆ ಕಾಯುತ್ತಿರುತ್ತದೆ. ಅಂಟಿದ ಸಂಡಿಗೆ ಹಿಟ್ಟಿನಿಂದ ಮುಚ್ಚಿಹೋದ ತೂತುಗಳನ್ನು ಬದಲಾಯಿಸಿಕೊಡಲಾಗುವುದಿಲ್ಲ.