ಅಳಿಯಂದಿರ ಗಾಳಿಪೆಟ್ಟಿಗೆ

ಕಾರ್ಖಾನೆಯಿಂದ ಬಂದ ಗಾಡಿಯನ್ನು ಬಂದ ಹಾಗೇ ಓಡಿಸುವುದು ಗಂಡಸಾದವನಿಗೆ ಅವಮಾನ ಎಂದು ನನಗೆ ಗೊತ್ತಾದದ್ದು ಅಮೆರಿಕಕ್ಕೆ, ಮಗಳ ಮನೆಗೆ ಬಂದ ಮೇಲೆ. ಮಿಷಿಗನ್ನಿನ ಈ ಬಡಾವಣೆಯಲ್ಲಿ ವಾರವಿಡೀ ಕಂಪ್ಯೂಟರಿನ ಮುಂದೆ ಕೂತು ಬೆನ್ನುನೋವು ಎಂದು ನರಳುವವರೆಲ್ಲ ಶನಿವಾರ ಬೆಳಗಾದರೆ ಗ್ಯಾರೇಜಿನ ಬಾಗಿಲೆತ್ತಿ ಗಾಡಿಯ ಅಡಿಯಲ್ಲಿ ಅಂಗಾತ ಮಲಗಿರುತ್ತಾರೆ. ಫೋರ್ಡ್ ಕಂಪನಿಯ ಕೇಂದ್ರ ಕಚೇರಿ ಇರುವ ಡಿಯರ್‌ಬಾರ್ನ್ ಇಲ್ಲಿಗೆ ದೂರವಿಲ್ಲ. ಹಾಗಾಗಿ ಬೀದಿಗಿಬ್ಬರು ಆಟೊಮೊಬೈಲ್ ಇಂಜಿನಿಯರುಗಳು, ಮನೆಗೊಬ್ಬರು ಅವರನ್ನು ತಿದ್ದುವವರು. ನಮ್ಮ ಅಳಿಯಂದಿರು ಎರಡನೆಯ ಪಂಗಡ. ಹೊಟ್ಟೆಪಾಡಿಗೆ ಬ್ಯಾಂಕಿನ ಸಾಫ್ಟ್‌ವೇರ್ ಬರೆಯುತ್ತಾರೆ.

ಅವರ ಹತ್ತಿರ ಇರುವುದು 2003ರ ಫೋರ್ಡ್ ಎಫ್-150 ಲೈಟ್ನಿಂಗ್, ಸೆಕೆಂಡ್ ಹ್ಯಾಂಡ್. ಹೆಸರಿಗೆ ಪಿಕಪ್ ಟ್ರಕ್ಕು, ಹಿಂದೆ ಸಾಮಾನು ಹೇರುವ ಜಾಗವೂ ಇದೆ. ಆದರೆ ಅದರಲ್ಲಿ ಒಂದು ಮೂಟೆ ಅಕ್ಕಿ ತರಲೂ ಅವರು ಒಪ್ಪುವುದಿಲ್ಲ, ಬಣ್ಣಕ್ಕೆ ಗೀರು ಬೀಳುತ್ತದಂತೆ. ಅಕ್ಕಿ ಬರುವುದು ಮಗಳ ಕಾರಿನಲ್ಲಿ. ಚಳಿಗಾಲಕ್ಕೆ ಇಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಎರಚುತ್ತಾರೆ. ಉಪ್ಪಿಗೆ ತುಕ್ಕು ಹಿಡಿಯುತ್ತದೆ ಎಂದು ಟ್ರಕ್ಕು ಗ್ಯಾರೇಜಿನೊಳಗೆ ಹೊದಿಕೆ ಹೊದ್ದು ಮಲಗುತ್ತದೆ. ಕೆಲಸಕ್ಕೆ ಹೋಗಿ ಬರುವ ಮಗಳ ಕಾರು ಹೊರಗೆ ಹಿಮದಲ್ಲಿ ನಿಲ್ಲುತ್ತದೆ.

ಈ ಮಾದರಿಯನ್ನು 1999ರಿಂದ 2004ರವರೆಗೆ ಮಾಡಿದರು. 5.4 ಲೀಟರಿನ ವಿ-8 ಇಂಜಿನ್, ಅದರ ನೆತ್ತಿಯ ಮೇಲೆ ಈಟನ್ ಸೂಪರ್‌ಚಾರ್ಜರ್. ಮೊದಲು 360 ಅಶ್ವಶಕ್ತಿ ಇತ್ತು, 2001ರಿಂದ 380 ಆಯಿತು. ಸಾಮಾನ್ಯ ಇಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಸೂಪರ್‌ಚಾರ್ಜರ್ ಇದ್ದರೆ ಬೆಲ್ಟಿನಿಂದ ತಿರುಗುವ ಎರಡು ರೋಟರುಗಳು ಗಾಳಿಯನ್ನು ಬಲವಂತವಾಗಿ ತುರುಕುತ್ತವೆ. ಈ ಉಪಾಯ ಕಾರಿಗಿಂತ ಹಳೆಯದು. ಇಂಡಿಯಾನಾ ರಾಜ್ಯದ ಕಾನರ್ಸ್‌ವಿಲ್‌ನ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಗಾಳಿಯಂತ್ರದ ವಂಶ ಇದು. ಆಗ ಅದು ಕಬ್ಬಿಣ ಕರಗಿಸುವ ಕುಲುಮೆಗಳಿಗೆ ಗಾಳಿ ಊದುತ್ತಿತ್ತು. 1870ರಲ್ಲಿ ನ್ಯೂಯಾರ್ಕಿನ ನೆಲದಡಿ ಆಲ್ಫ್ರೆಡ್ ಬೀಚ್ ಎಂಬಾತ ಗಾಳಿಯಿಂದಲೇ ರೈಲುಡಬ್ಬಿ ತಳ್ಳಿ ತೋರಿಸಿದನಲ್ಲ, ಅಲ್ಲಿದ್ದದ್ದೂ ರೂಟ್ಸ್ ಯಂತ್ರವೇ. ಕುಲುಮೆ, ರೈಲು ಎಲ್ಲ ದಾಟಿ ಅದು ಕೊನೆಗೆ ನಮ್ಮ ಅಳಿಯಂದಿರ ಕೈಗೆ ಸಿಕ್ಕಿತು.

ಅವರ ತಕರಾರು ಸೂಪರ್‌ಚಾರ್ಜರಿನ ಮೇಲಲ್ಲ, ಅದಕ್ಕೂ ಮುಂಚೆ ಸಿಗುವ ಕಪ್ಪು ಪ್ಲಾಸ್ಟಿಕ್ ಡಬ್ಬದ ಮೇಲೆ. ಒಳಗೆ ಫಿಲ್ಟರ್ ಇಟ್ಟುಕೊಂಡ ಏರ್‌ಬಾಕ್ಸು. “ಇಂಜಿನ್ನಿಗೆ ಉಸಿರು ಕಟ್ಟುತ್ತಿದೆ, ಮಾವ” ಎಂದರು ಒಂದು ದಿನ ಊಟದ ಹೊತ್ತಿನಲ್ಲಿ. ನನಗೆ ಆಸ್ತಮಾ ಎಂದಾಗಲೂ ಅವರ ದನಿ ಅಷ್ಟು ಮೆತ್ತಗಾಗಿರಲಿಲ್ಲ.

ಮೂವತ್ತು ವರ್ಷಕ್ಕೂ ಮೇಲೆ ಮೈಸೂರಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದವನು ನಾನು, ಸುಮ್ಮನಿರಲಾಗಲಿಲ್ಲ. ಹಾಲಿನ ಲೆಕ್ಕದ ಚೀಟಿಯ ಹಿಂದೆ ಗುಣಿಸಿದೆ. ನಿಮಿಷಕ್ಕೆ 5,000 ಸುತ್ತು ತಿರುಗುವಾಗ ಈ ಇಂಜಿನ್ ತಾನಾಗಿ ಆ ಒಂದು ನಿಮಿಷದಲ್ಲಿ ಸುಮಾರು 13,500 ಲೀಟರ್ ಗಾಳಿ ನುಂಗಬೇಕು. ಸೂಪರ್‌ಚಾರ್ಜರ್ ಕೊಡುವ 8 ಪಿಎಸ್‌ಐ ಒತ್ತಡ ಸೇರಿದರೆ 20,000 ಲೀಟರ್ ಆಜುಬಾಜು. ಸುಮ್ಮನೆ ಕೂತ ಮನುಷ್ಯ ನಿಮಿಷಕ್ಕೆ ಏಳು ಲೀಟರ್ ಉಸಿರಾಡಿದರೆ ಹೆಚ್ಚು. ಅಂದರೆ ಸುಮಾರು ಮೂರು ಸಾವಿರ ಜನರ ಒಂದು ಇಡೀ ಊರಿನ ಉಸಿರು ಆ ಡಬ್ಬದಲ್ಲಿ ಹಾದು ಹೋಗುತ್ತದೆ. ಅಳಿಯಂದಿರು ಹೇಳಿದ್ದರಲ್ಲಿ ಹುರುಳಿಲ್ಲದೆ ಇರಲಿಲ್ಲ.

ಹಾಗಂತ ಆ ಡಬ್ಬ ಮಾಡಿದವನು ದಡ್ಡನೂ ಅಲ್ಲ. ಇಂಜಿನ್ನಿನ ಬಿಸಿಗಾಳಿ ಒಳಗೆ ಬರಬಾರದು, ಮಳೆನೀರು ಹಿಮ ನುಗ್ಗಬಾರದು, ಸದ್ದು ಹೊರಗೆ ಹೋಗಬಾರದು, ಇಷ್ಟೆಲ್ಲ ಆಗಿ ಡಬ್ಬ ಅಗ್ಗವೂ ಆಗಿರಬೇಕು. ಇಂಥ ಎಷ್ಟೋ ಡಬ್ಬಗಳ ಪಕ್ಕದಲ್ಲಿ ದಾರಿ ಮುಂದುವರಿಯದ ಒಂದು ಪೊಳ್ಳು ಕೋಣೆ ಇರುತ್ತದೆ. ನೋಡಿದವರು ದಂಡ ಎಂದುಕೊಳ್ಳುತ್ತಾರೆ. ಅದು ಹೆಲ್ಮ್‌ಹೋಲ್ಟ್ಸ್ ಅನುನಾದಕ. ಖಾಲಿ ಬಾಟಲಿಯ ಬಾಯಿಗೆ ಊದಿದರೆ ಹೂಂಕರಿಸುತ್ತದಲ್ಲ, ಅದೇ ತತ್ತ್ವ. ಇಲ್ಲಿ ಅದು ತನ್ನ ಕಂಪನಕ್ಕೆ ಸರಿಹೊಂದುವ ಸದ್ದನ್ನು ನುಂಗಿಹಾಕುತ್ತದೆ.

ಅಳಿಯಂದಿರು ಗುಜರಿಯಿಂದ ಇನ್ನೊಂದು ಡಬ್ಬ ತಂದರು. ಮೂಲದ್ದನ್ನು ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದರು, ಗಾಡಿ ಮಾರುವಾಗ ಬೇಕಾಗುತ್ತದಂತೆ. ಈ ಜಾಣತನಕ್ಕೆ ನಾನು ಪೂರ್ಣ ಅಂಕ ಕೊಡುತ್ತೇನೆ. ಕೊಯ್ಯುವ ಮುಂಚೆ ಅಳೆಯಬೇಕು ಎಂದು ನಾನು ಹಟ ಹಿಡಿದೆ. ಒಂದು ಹಲಗೆ, ಅದರ ಮೇಲೆ ‘ಯು’ ಆಕಾರದಲ್ಲಿ ಬಗ್ಗಿಸಿ ಕಟ್ಟಿದ ಪಾರದರ್ಶಕ ಟ್ಯೂಬು, ನಡುವೆ ಅಂಟಿಸಿದ ಟೈಲರ್ ಟೇಪು. ಟ್ಯೂಬಿನಲ್ಲಿ ನೀರು. ನೀರಿನ ಮಟ್ಟ ಕಾಣಲೆಂದು ಅಡುಗೆಮನೆಯಿಂದ ಕೇಸರಿಭಾತಿನ ಬಣ್ಣ ಒಂದು ಚಿಟಿಕೆ. ಟ್ಯೂಬಿನ ಒಂದು ತುದಿ ಫಿಲ್ಟರಿನ ಆಚೆ ಗಾಳಿಕೊಳವೆಗೆ, ಇನ್ನೊಂದು ನನ್ನ ಮೂಗಿನ ಮುಂದೆ. ಹಲಗೆಯನ್ನು ಗಾಡಿಗೆ ಅಡ್ಡಲಾಗಿ ಹಿಡಿಯಬೇಕು. ಉದ್ದಕ್ಕೆ ಹಿಡಿದರೆ ಗಾಡಿ ನುಗ್ಗಿದ ರಭಸಕ್ಕೇ ನೀರು ಹಿಂದಿನ ಕೊಳವೆಗೆ ಏರಿ ಸುಳ್ಳು ಹೇಳುತ್ತದೆ. ಇದನ್ನು ನಾನು ಅಳಿಯಂದಿರಿಗೆ ವಿವರಿಸುತ್ತಿದ್ದಾಗ ಮಗಳು ಗ್ಯಾರೇಜಿಗೆ ಬಂದು ಹಲಗೆ ನೋಡಿ, “ಅಪ್ಪಾ, ಇವರಿಗೆ ಬುದ್ಧಿ ಹೇಳಿ ಅಂತ ನಿಮ್ಮನ್ನ ಕರೆಸಿಕೊಂಡಿದ್ದು ನಾನು” ಎಂದಳು.

ಹೆದ್ದಾರಿಗೆ ಸೇರುವ ಏರುದಾರಿಯಲ್ಲಿ ಅಳಿಯಂದಿರು ಪೆಡಲನ್ನು ತಳಕ್ಕೆ ಒತ್ತಿದರು. ನನ್ನ ಬೆನ್ನು ಸೀಟಿಗೆ ಅಂಟಿತು, ಕನ್ನಡಕ ಹಣೆಗೇರಿತು, ಆದರೂ ಟೇಪಿನಿಂದ ಕಣ್ಣು ಕೀಳಲಿಲ್ಲ. ಎರಡು ಮಟ್ಟಗಳ ನಡುವೆ 13 ಇಂಚು. ಆಮೇಲೆ ಗುಜರಿ ಡಬ್ಬದ ಪೊಳ್ಳು ಕೋಣೆ ತೆಗೆದು, ಒಳಗಿನ ಅಡ್ಡಗೋಡೆ ಕೊಯ್ದು, ಪಕ್ಕಕ್ಕೆ ಹೋಲ್ ಸಾ ಎಂಬ ದುಂಡು ಗರಗಸದಿಂದ ತೂತುಗಳನ್ನು ಕೊರೆದು, ಅಂಚಿಗೆ ಮರಳು ಕಾಗದ ಉಜ್ಜಿ ಕೂರಿಸಿದರು. ಕಪ್ಪು ಪ್ಲಾಸ್ಟಿಕ್ ಪುಡಿ ಅವರ ಹುಬ್ಬಿನ ತುಂಬ. ಅದೇ ಏರುದಾರಿ, ಅದೇ ವೇಗ: 9 ಇಂಚು.

ಅಳಿಯಂದಿರು ಹಿಗ್ಗಿದರು. ನಾನು ಮತ್ತೆ ಚೀಟಿ ತೆಗೆದೆ. ವಾತಾವರಣದ ಪೂರ್ತಿ ಒತ್ತಡ ಎಂದರೆ ಸುಮಾರು 407 ಇಂಚು ನೀರು. ಅದರಲ್ಲಿ 4 ಇಂಚು ಉಳಿದರೆ ಶೇಕಡಾ 1. 380 ಕುದುರೆಗಳಲ್ಲಿ ಶೇಕಡಾ 1 ಅಂದರೆ ಹೆಚ್ಚೆಂದರೆ ನಾಲ್ಕು ಕುದುರೆ. ಇನ್ನು ಆ ತೂತುಗಳಿಂದ ಬರುವುದು ಬಾನೆಟ್ಟಿನೊಳಗಿನ ಬಿಸಿಗಾಳಿ. ಗಾಳಿ 3 ಡಿಗ್ರಿ ಸೆಲ್ಸಿಯಸ್ ಬಿಸಿಯಾದರೆ ಅದರ ಸಾಂದ್ರತೆ ಶೇಕಡಾ 1 ಇಳಿಯುತ್ತದೆ. ಗಾಡಿಯ ಕಂಪ್ಯೂಟರಿಗೆ ಒಬಿಡಿ ಸ್ಕ್ಯಾನರ್ ಚುಚ್ಚಿ ನೋಡಿದರೆ ಒಳಬರುವ ಗಾಳಿ ಓಡುವಾಗಲೇ ನಾಲ್ಕು ಡಿಗ್ರಿ ಏರಿತ್ತು. ಸಿಗ್ನಲ್ಲಿನಲ್ಲಿ ನಿಂತಾಗಿನದನ್ನು ಹೇಳದಿರುವುದೇ ವಾಸಿ. “ಇಂಟರ್‌ಕೂಲರ್ ಇದೆಯಲ್ಲ ಮಾವ, ಅದು ತಣಿಸುತ್ತೆ” ಎಂದರು. ಅಷ್ಟಿಷ್ಟು ತಣಿಸುತ್ತದೆ, ಒಪ್ಪಿದೆ. ಬಂದ ನಾಲ್ಕು ಕುದುರೆಗಳಲ್ಲಿ ಒಂದೋ ಎರಡೋ ಲಾಯದಲ್ಲಿ ಉಳಿದಿರಬಹುದು.

ಆದರೆ ಸದ್ದು! ಮುಂಚೆ ಗುಸುಗುಸು ಎನ್ನುತ್ತಿದ್ದ ಸೂಪರ್‌ಚಾರ್ಜರ್ ಈಗ ಪೆಡಲಿಗೆ ಕಾಲು ತಾಗಿದರೆ ಸಾಕು ಕೀಚಲು ದನಿಯಲ್ಲಿ ಆಲಾಪ ಎತ್ತುತ್ತದೆ. ಹಿತ್ತಲಲ್ಲಿದ್ದ ಮಗಳು, “ಯಾರೋ ಮಿಕ್ಸಿಗೆ ಒಣಕೊಬ್ಬರಿ ಹಾಕಿದ ಹಾಗಿದೆ” ಎಂದಳು. ಅಳಿಯಂದಿರು ಎರಡೂ ಕಿಟಕಿ ಇಳಿಸಿಕೊಂಡು, ಎಸಿ ಆರಿಸಿ, ಬೀದಿ ಸುತ್ತಿದರು. ಪಕ್ಕದ ಮನೆಯ ನಿವೃತ್ತ ಇಂಜಿನಿಯರ್ ಹುಲ್ಲು ಕತ್ತರಿಸುವುದನ್ನು ನಿಲ್ಲಿಸಿ ಹೆಬ್ಬೆರಳೆತ್ತಿದ. ಜೀವಮಾನವಿಡೀ ಗಾಡಿಗಳ ಬಾಯಿ ಮುಚ್ಚಿಸುವುದೇ ಅವನ ಉದ್ಯೋಗವಾಗಿತ್ತಂತೆ.

ನಮ್ಮೂರಲ್ಲಿ ಬುಲೆಟ್ಟಿನ ಸೈಲೆನ್ಸರ್ ಬದಲಿಸಿ ಊರೆಬ್ಬಿಸುವ ಹುಡುಗರು ‘ಪಿಕಪ್ ಜಾಸ್ತಿಯಾಗುತ್ತೆ ಸಾರ್’ ಎನ್ನುತ್ತಾರೆ. ಪೊಲೀಸರು ಆ ಸೈಲೆನ್ಸರುಗಳನ್ನು ರಸ್ತೆಯಲ್ಲಿ ಸಾಲಾಗಿಟ್ಟು ರೋಡ್‌ರೋಲರ್ ಹತ್ತಿಸುತ್ತಾರೆ. ಅಳಿಯಂದಿರ ಸದ್ದು ಅಷ್ಟು ದೂರ ಹೋಗುವುದಿಲ್ಲ, ಕೇಳುವುದು ಹೆಚ್ಚಾಗಿ ಅವರಿಗೇ. ಆದ್ದರಿಂದ ನನ್ನ ತೀರ್ಪು ಅವರ ಪರವಾಗಿಯೇ ಇದೆ, ಒಂದು ಷರತ್ತಿನ ಮೇಲೆ: ಅಶ್ವಶಕ್ತಿಯ ಮಾತೆತ್ತಕೂಡದು, ಸಂಗೀತಕ್ಕಾಗಿ ಮಾಡಿದೆ ಎನ್ನಬೇಕು. ಅವರು ಇನ್ನೂ ಒಪ್ಪಿಲ್ಲ. ಸೂಪರ್‌ಚಾರ್ಜರನ್ನು ಇನ್ನೂ ಜೋರಾಗಿ ತಿರುಗಿಸಲು ಮುಂದೆ ಹಾಕಬೇಕಾದ ಸಣ್ಣ ಪುಲ್ಲಿಯ ಬೆಲೆ ನೋಡುತ್ತಿದ್ದಾರೆ.

ಲೈಟ್ನಿಂಗ್ ಎಂಬ ಹೆಸರನ್ನು ಫೋರ್ಡ್ 2022ರಲ್ಲಿ ಮತ್ತೆ ಒಂದು ಪಿಕಪ್ಪಿಗೆ ಇಟ್ಟಿತು. ಅದು ಬ್ಯಾಟರಿಯಲ್ಲಿ ಓಡುತ್ತದೆ. ಬಾನೆಟ್ ಎತ್ತಿದರೆ ಅಲ್ಲಿ ಸಾಮಾನಿಡುವ ಜಾಗ, ಅಕ್ಕಿ ಮೂಟೆ ಆರಾಮಾಗಿ ಹಿಡಿಸುತ್ತದೆ. ಏರ್‌ಬಾಕ್ಸು ಇಲ್ಲವೇ ಇಲ್ಲ. ಮಗಳಿಗೆ ಅದು ಇಷ್ಟವಾಗಿದೆ.